ಹಿಮ್ಮಡಿಗೆ ಎರಡು, ಮೊಣಕೈಗೆ ಎರಡು

ಶಾಲೆಯಲ್ಲಿ ನನ್ನ ಮೇಜಿನ ಎಡಗಡೆ, ಕೊನೆಯ ಡ್ರಾಯರಿಗೆ ಒಂದು ಬೀಗವಿದೆ. ಪ್ರಶ್ನೆಪತ್ರಿಕೆ ಇಡುವ ಬೀರುವಿಗೂ ಅಂಥ ಬೀಗ ಇಲ್ಲ. ಅದರೊಳಗೆ ಇರುವುದು ಗೋವಿಂದರಾಜನಗರದ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿ ಇಷ್ಟು ವರ್ಷಗಳಲ್ಲಿ ನಾನು ಮಕ್ಕಳ ಕೈಯಿಂದ ಕಿತ್ತುಕೊಂಡ ಸಂಪತ್ತು: ಬುಗುರಿಗಳು, ಗೋಲಿಗಳು, ಎರಡು ಯೋಯೋ, ಕ್ರಿಕೆಟ್ ಆಟಗಾರರ ಚಿತ್ರದ ಕಾರ್ಡುಗಳ ಕಟ್ಟು, ಗುಂಡಿ ಒತ್ತಿದರೆ ನೀರೊಳಗೆ ಪುಟ್ಟ ಬಳೆಗಳು ಹಾರುವ ಒಂದು ಪ್ಲಾಸ್ಟಿಕ್ ಡಬ್ಬಿ. "ಇದು ಶಾಲೆ, ಆಟದ ಮೈದಾನ ಅಲ್ಲ" ಎಂದು ಸೋಮವಾರದ ಪ್ರಾರ್ಥನೆಯಲ್ಲಿ ಗಂಟಲು ಸರಿಮಾಡಿಕೊಂಡು ಹೇಳುವವನು ನಾನೇ. ನಮ್ಮ ಶಾಲೆಗೆ ಆಟದ ಮೈದಾನವೇ ಇಲ್ಲ. ಆದರೂ ಆ ಮಾತನ್ನು ಬದಲಾಯಿಸಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಇಷ್ಟು ಹೇಳಿದ ಮೇಲೆ ಮಿಕ್ಕಿದ್ದನ್ನೂ ಒಪ್ಪಿಕೊಂಡುಬಿಡುತ್ತೇನೆ. ಈ ಮುಖ್ಯೋಪಾಧ್ಯಾಯ ಭಾನುವಾರ ಬೆಳಿಗ್ಗೆ ಕೆಂಗೇರಿಯ ಆಚೆಗಿರುವ ಬಂಡೆಗಳ ಹತ್ತಿರ ಹೋಗಿ, ಕೈಯಲ್ಲಿ ರಿಮೋಟ್ ಹಿಡಿದು, ಮೊಳದುದ್ದದ ಒಂದು ಆಟದ ಜೀಪನ್ನು ಕಲ್ಲು ಹತ್ತಿಸುತ್ತಾನೆ.

ಆಟದ ಕಾರು ಎಂದ ಕೂಡಲೇ ನಿಮ್ಮ ಮನಸ್ಸಿಗೆ ಬರ್ರೆಂದು ಓಡುವ, ಸೋಫಾ ಕಾಲಿಗೆ ಗುದ್ದುವ ಕಾರು ಬಂದರೆ ದಯವಿಟ್ಟು ಅದನ್ನು ಮರೆತುಬಿಡಿ. ನಮ್ಮದು ಓಡುವುದಿಲ್ಲ, ಹತ್ತುತ್ತದೆ. ಅದೂ ಎಷ್ಟು ನಿಧಾನ ಎಂದರೆ ಪಕ್ಕದಲ್ಲೊಂದು ಕಟ್ಟಿರುವೆ ಹೊರಟರೆ ಅದೇ ಮೊದಲು ತಲಪುತ್ತದೆ. ಒಂದು ಚಕ್ರ ಕಲ್ಲಿನ ಅಂಚನ್ನು ಹಿಡಿಯಬೇಕು, ಇನ್ನೊಂದು ಗಾಳಿಯಲ್ಲಿ ತೇಲಬೇಕು, ಮತ್ತೆರಡು ಹಿಂದಿನಿಂದ ನೂಕಬೇಕು. ಉರುಳದೆ ಮೇಲೆ ಹೋದರೆ ಗೆದ್ದಂತೆ. ನನ್ನನ್ನು ಇದಕ್ಕೆ ಎಳೆದವನು ಗಂಗಾಧರ, ಹೈಸ್ಕೂಲಿನಿಂದ ನನ್ನ ಜೊತೆಗಾರ. ಲಗ್ಗೆರೆಯಲ್ಲಿ ಲೇತ್ ಮಿಷನ್ ಇಟ್ಟುಕೊಂಡಿದ್ದಾನೆ. ದಿನವಿಡೀ ಕಾರ್ಖಾನೆಗಳಿಗೆ ಬುಷ್ಷು, ಶಾಫ್ಟು ಮುಂತಾದ ಬಿಡಿಭಾಗ ಕಡೆಯುತ್ತಾನೆ. ಅದು ಮುಗಿದ ಮೇಲೆ ಅದೇ ಮಿಷನ್ನಿನಲ್ಲಿ ನಮ್ಮ ಪುಟ್ಟ ಜೀಪುಗಳಿಗೆ ಅಲ್ಯೂಮಿನಿಯಂ ಗಾಲಿ ಕಡೆಯುತ್ತಾನೆ. ಟೈರನ್ನು ಅಂಟು ಹಾಕದೆ ಎರಡು ಬಳೆಗಳ ನಡುವೆ ಸ್ಕ್ರೂ ಬಿಗಿದು ಕೂರಿಸುವ ಗಾಲಿ. ಬೇಕಾದಾಗ ಬಿಚ್ಚಿ ಒಳಗೇನಿದೆ ಎಂದು ನೋಡಬಹುದು. ಈ ಸೌಲಭ್ಯವೇ ನನ್ನನ್ನು ಹಾಳು ಮಾಡಿತು.

ಯಾಕೆಂದರೆ ಈ ಆಟದಲ್ಲಿ ಮೋಟರು, ಬ್ಯಾಟರಿ, ಗೇರು ಎಲ್ಲ ಇದ್ದರೂ, ಕೊನೆಗೆ ಮಾತು ಬಂದು ನಿಲ್ಲುವುದು ಟೈರಿನ ಹತ್ತಿರ. ವಿಜಯನಗರದ ಒಂದು ಸೈಬರ್ ಕೆಫೆಯಲ್ಲಿ ದಿನಾ ಸಂಜೆ ಒಂದು ಗಂಟೆ ಕುಳಿತು ನಾನು ಈ ವಿದ್ಯೆ ಕಲಿತೆ. ಯಾರಾದರೂ ಪೋಷಕರು ನೋಡಿಬಿಟ್ಟಾರು ಎಂದು ಮೂಲೆಯ ಕ್ಯಾಬಿನ್ ಹಿಡಿದು ಪರದೆ ಎಳೆದುಕೊಳ್ಳುತ್ತಿದ್ದೆ. ನಡುವಯಸ್ಸಿನ ಗಂಡಸು ದಿನಾ ಪರದೆ ಎಳೆದುಕೊಂಡು ಏನು ನೋಡುತ್ತಾನೆ ಎಂದು ಕೆಫೆಯವನಿಗೆ ಅನುಮಾನ ಬಂದು, ಒಂದು ದಿನ ಯುಪಿಎಸ್ ನೋಡುವ ನೆಪದಲ್ಲಿ ಬಗ್ಗಿದ. ಕಂಪ್ಯೂಟರಿನ ತುಂಬ ಕಪ್ಪು ರಬ್ಬರಿನ ಚಿತ್ರಗಳು. ಅವನ ಮುಖದಲ್ಲಿ ಕಂಡದ್ದು ಸಮಾಧಾನವೋ ಕನಿಕರವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನು ಪಾಠ ಮಾಡುವುದು ವಿಜ್ಞಾನ. ಘರ್ಷಣೆಯು ಸ್ಪರ್ಶಿಸುವ ಜಾಗದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಅವಲಂಬಿಸುತ್ತದೆ ಎಂದು ಬರೆದ ಮಕ್ಕಳಿಗೆ ಸೊನ್ನೆ ಕೊಟ್ಟವನು. ಆದರೆ ರಬ್ಬರು ನಮ್ಮ ಪಠ್ಯಪುಸ್ತಕ ಓದಿಲ್ಲ. ಅದು ಕಲ್ಲಿನ ಮೇಲೆ ಎಷ್ಟು ಹರಡಿಕೊಳ್ಳುತ್ತದೋ, ಕಲ್ಲಿನ ಒರಟಿನೊಳಗೆ ಎಷ್ಟು ಇಳಿಯುತ್ತದೋ ಅಷ್ಟು ಹಿಡಿಯುತ್ತದೆ. ಮೈಮೇಲೆ ದಪ್ಪ ಗುಬಟುಗಳೆದ್ದ ಟೈರು ಕೆಸರಿನಲ್ಲಿ ಹುಲಿ, ನಮ್ಮ ಕಡೆಯ ನುಣುಪು ಕಲ್ಲಿನ ಮೇಲೆ ಇಲಿ. ಗಟ್ಟಿ ರಬ್ಬರು ಸವೆಯುವುದಿಲ್ಲ, ಹಾಗೇ ಹತ್ತುವುದೂ ಇಲ್ಲ. ಕೊನೆಗೆ ಸಣ್ಣ ಸಣ್ಣ ಗುಬಟುಗಳಿದ್ದ, ಮುಟ್ಟಿದರೆ ಬೆರಳಿಗೆ ಅಂಟಿದಂತಾಗುವ ಮೃದು ಟೈರನ್ನು ಆರಿಸಿ, ಗಂಗಾಧರನ ವರ್ಕ್‌ಶಾಪಿನ ವಿಳಾಸಕ್ಕೆ ತರಿಸಿಕೊಂಡೆ. ಮನೆಗೆ ತರಿಸಿದರೆ ಉತ್ತರ ಹೇಳಬೇಕಲ್ಲ. ಸೊನ್ನೆ ಪಡೆದ ಮಕ್ಕಳ ವಿಷಯ ಆಮೇಲೆ ಯೋಚಿಸೋಣ ಎಂದುಕೊಂಡೆ, ಇನ್ನೂ ಯೋಚಿಸಿಲ್ಲ.

ಟೈರೊಂದೇ ಸಾಲದು. ಈ ಟೈರುಗಳಿಗೆ ಗಾಳಿ ಹೊಡೆಯುವುದಿಲ್ಲ. ಒಳಗೆ ಫೋಮು ತುಂಬುತ್ತಾರೆ, ಬಳೆಯ ಹಾಗೆ ದುಂಡಗೆ ಕತ್ತರಿಸಿದ ಫೋಮು. ಅದು ಮೆತ್ತಗಿದ್ದರೆ ಟೈರು ಕಲ್ಲನ್ನು ತಬ್ಬುತ್ತದೆ. ತೀರಾ ಮೆತ್ತಗಾದರೆ ಓರೆ ಜಾಗದಲ್ಲಿ ಮಡಚಿಕೊಂಡು ಜೀಪನ್ನೇ ಉರುಳಿಸುತ್ತದೆ. ಗಟ್ಟಿಯಾದರೆ ಟೈರು ಕಲ್ಲಿನ ಮೇಲೆ ಚೆಂಡಿನ ಹಾಗೆ ಕುಣಿಯುತ್ತದೆ. ಟೈರಿನ ಜೊತೆ ಬಂದ ಫೋಮು ಒಣಗಿದ ರಸ್ಕಿನಂತಿತ್ತು. ಅದನ್ನು ಎಸೆದು, ಮೊದಲ ಪ್ರಯೋಗವಾಗಿ ಅಡುಗೆಮನೆಯ ಪಾತ್ರೆ ತಿಕ್ಕುವ ಸ್ಪಂಜನ್ನು ಕತ್ತರಿಸಿ ತುಂಬಿದೆ. ಬಂಡೆಯ ಬುಡದಲ್ಲಿದ್ದ ನೀರಿನ ಹೊಂಡ ದಾಟಿದ್ದೇ ತಡ, ನಾಲ್ಕೂ ಚಕ್ರಗಳು ಬೇಕಾದಷ್ಟು ನೀರು ಕುಡಿದು, ಹಬ್ಬದೂಟ ಮುಗಿಸಿದವರ ಹಾಗೆ ಅಲ್ಲಾಡದೆ ನಿಂತುಬಿಟ್ಟವು. ಮನೆಯಲ್ಲಿ ನನ್ನ ಹೆಂಡತಿ ಲಲಿತಾ ಸ್ಪಂಜು ಎಲ್ಲಿ ಎಂದು ಮೂರು ದಿನ ಹುಡುಕಿದಳು. ನಾನೂ ಜೊತೆಗೆ ಹುಡುಕಿದೆ.

ನಮ್ಮ ಕಣ್ಣೆಲ್ಲ ಇದ್ದದ್ದು ಎಮ್ಮೆಬಂಡೆಯ ಮೇಲೆ. ಹೆಸರು ನಾವೇ ಇಟ್ಟದ್ದು. ಮಲಗಿದ ಎಮ್ಮೆಯಂಥ ಕಲ್ಲು, ಬೆನ್ನಿನ ಹತ್ತಿರ ಓರೆಯಾಗಿ ಒಂದು ಇಳಿಜಾರು, ಪಕ್ಕದಲ್ಲೊಂದು ಸಂದಿ. ಗಂಗಾಧರನ ಗಾಡಿ ಹತ್ತಿಯಾಗಿತ್ತು. ನನ್ನದು ಪ್ರತಿ ಸಲವೂ ಸಂದಿಗೆ ಬೀಳುತ್ತಿತ್ತು. ಎಳೆದು ಮೇಲೆತ್ತಲು ಮುಂದಿನ ಬಂಪರಿಗೆ ಒಂದು ಗಟ್ಟಿ ಹೊಸೆದ ದಾರ ಕಟ್ಟಿಕೊಂಡಿದ್ದೆ, ಎಲ್ಲೋ ಸಿಕ್ಕಿದ್ದು. ಆ ದಾರದ ಪುಣ್ಯದಿಂದ ಗಾಡಿ ಪ್ರತಿ ಭಾನುವಾರ ಮನೆಗೆ ವಾಪಸು ಬರುತ್ತಿತ್ತು.

ಒಳ್ಳೆಯ ಫೋಮು ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ ಗಂಗಾಧರ ಹೇಳಿದ್ದು ಯಮನೂರಪ್ಪನ ಹೆಸರು. ಮಾಗಡಿ ರಸ್ತೆಯಿಂದ ಒಳಗೆ ಹೋದರೆ ಬೋರ್ಡಿಲ್ಲದ ಒಂದು ಶೀಟಿನ ಅಂಗಡಿ. ಆಟೋ ಸೀಟು ಹೊಲಿಯುವುದು, ಸೋಫಾ ರಿಪೇರಿ ಅವನ ಕಸುಬು. ಗದಗಿನ ಕಡೆಯಿಂದ ಬಂದವನು. ಮೆಟ್ರೋ ಬರುತ್ತದೆ ಎಂದು ಎಲ್ಲೆಲ್ಲೂ ರಸ್ತೆ ಅಳೆಯುತ್ತಿದ್ದ ಕಾಲ ಅದು. ಅವನ ಅಂಗಡಿ ಉಳಿಯುತ್ತದೋ ಹೋಗುತ್ತದೋ ಅವನಿಗೇ ಗೊತ್ತಿರಲಿಲ್ಲ, ಅದಕ್ಕಾಗಿ ಕೈ ಮಾತ್ರ ನಿಂತಿರಲಿಲ್ಲ. ನಾನು ಹೋದಾಗ ಒಂದು ಆಟೋದ ಸೀಟು ಬಿಚ್ಚಿ ನೆಲದ ಮೇಲೆ ಇಟ್ಟಿತ್ತು, ಪಕ್ಕದಲ್ಲಿ ಅದರ ಡ್ರೈವರ್ ಟೀ ಕುಡಿಯುತ್ತ ನಿಂತಿದ್ದ.

ನಾನು ಕಾಗದದ ಮೇಲೆ ಬರೆದ ಚಿತ್ರ ತೋರಿಸಿ, ಇಷ್ಟಗಲದ, ನಡುವೆ ತೂತಿರುವ ನಾಲ್ಕು ಬಳೆ ಬೇಕು ಎಂದೆ. ಯಮನೂರಪ್ಪ ಚಿತ್ರ ನೋಡಲಿಲ್ಲ, ನನ್ನ ಮುಖ ನೋಡಿದ.

"ಕುಂಡ್ರೋರ್ ಯಾರ್ರಿ ಸರ?"

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. "ಇದರ ಮ್ಯಾಲ ಕುಂಡ್ರೋರ್ ಯಾರು, ಅವರ ತೂಕ ಎಷ್ಟು, ಎಷ್ಟೊತ್ತು ಕುಂಡ್ರತಾರ, ಅದನ್ನ ತಿಳಕೊಳ್ದ ನಾ ಫೋಮಿಗೆ ಕತ್ತಿ ಹಚ್ಚಂಗಿಲ್ರಿ." ಅದು ಅವನ ಪದ್ಧತಿ. ಆಟೋದವರು ಬಂದರೂ ಅವರನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ಯಾವ ಕಡೆ ವಾಲಿ ಕೂರುತ್ತಾರೆ ಎಂದು ನೋಡಿ, ಆಮೇಲೆ ಕತ್ತರಿಸುತ್ತಾನಂತೆ.

ಆಟಿಕೆ ಜೀಪಿಗೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಡ್ರೈವರ್ ಟೀ ಲೋಟ ಇಟ್ಟು ಕೈ ಮುಗಿದ. "ನಮಸ್ಕಾರ ಸಾರ್. ನಾನು ರಾಜಣ್ಣ. ನಮ್ ಹುಡ್ಗ ನಿಮ್ ಸ್ಕೂಲೇ ಸಾರ್, ಎಂಟನೇ ಕ್ಲಾಸು ಬಿ ಸೆಕ್ಷನ್. ನಿಮ್ ಸ್ಟ್ರಿಕ್ಟು ಅಂದ್ರೆ ನಂಗೆ ಭಾಳ ಇಷ್ಟ."

ಈ ಮಾತು ಕೇಳಿದ ಮೇಲೆ ಯಾವ ಮುಖ್ಯೋಪಾಧ್ಯಾಯ ತಾನೇ ನಿಜ ಹೇಳುತ್ತಾನೆ? ವಿಷಯ ಹೊರಬಿದ್ದರೆ ಸೋಮವಾರದ ಪ್ರಾರ್ಥನೆಯಲ್ಲಿ ಗಂಟಲು ಸರಿಮಾಡಿಕೊಳ್ಳಲು ನನಗೆ ಯಾವ ಹಕ್ಕೂ ಉಳಿಯುವುದಿಲ್ಲ. ನಡುವೆ ತೂತಿರುವ ನಾಲ್ಕು ಮೆತ್ತನೆ ಬಳೆ ಯಾರಿಗೆ ಬೇಕಾದೀತು ಎಂದು ಬುದ್ಧಿ ಸರಸರ ಓಡಿತು.

"ನಮ್ಮ ಮಾವನವರಿಗೆ," ಎಂದೆ. "ಹಾಸಿಗೆ ಹಿಡಿದಿದಾರೆ. ಮಲಗಿ ಮಲಗಿ ಹುಣ್ಣಾಗಬಾರದಲ್ಲ. ಹಿಮ್ಮಡಿಗೆ ಎರಡು, ಮೊಣಕೈಗೆ ಎರಡು."

ಸುಳ್ಳು ಇಷ್ಟು ಅಚ್ಚುಕಟ್ಟಾಗಿ ಕೂರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅಳತೆ, ಆಕಾರ, ಸಂಖ್ಯೆ ಎಲ್ಲ ಸರಿಹೋಯಿತು. ಯಮನೂರಪ್ಪ ರಾಜಣ್ಣನ ಸೀಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. "ಹಾಸಿಗಿ ಹಿಡದೋರ ಕೆಲಸ ಮೊದ್ಲ," ಎಂದ. ರಾಜಣ್ಣ, "ಅಯ್ಯೋ, ಸಾರ್‌ದು ಮೊದ್ಲು ಮಾಡ್ಕೊಡಪ್ಪ, ನಂದೇನು," ಎಂದು ಸೀಟಿಲ್ಲದ ಆಟೋದ ತಗಡಿನ ಮೇಲೆ ಹೋಗಿ ಕೂತ.

ನಮ್ಮ ಮಾವನವರ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಮಾರೇನಹಳ್ಳಿಯ ಹಳೇ ಮನೆತನ. ಈಗ ಅವರ ಮನೆ ಇರುವ ಕಡೆ ಅವರ ಚಿಕ್ಕಂದಿನಲ್ಲಿ ರಾಗಿ ಹೊಲ ಇತ್ತಂತೆ. ಕೆಳಗಡೆ ಅವರು, ಮೇಲಿನ ಮಹಡಿಯಲ್ಲಿ ನಾವು. ವಯಸ್ಸು ಎಪ್ಪತ್ತು ದಾಟಿದೆ. ಒಂದು ಕಾಲದಲ್ಲಿ ಗರಡಿ ಮನೆಯ ಪೈಲ್ವಾನರು. ಈಗಲೂ ಬೆಳಿಗ್ಗೆ ಯಾರೂ ಏಳುವ ಮೊದಲೇ ಎದ್ದು ಅಂಗಳದಲ್ಲಿ ಸುತ್ತು ಹಾಕಿ, ಬಸ್ಕಿ ಹೊಡೆದು, ಆಮೇಲೆ ಹಾಲು ತರಲು ಹೋಗುತ್ತಾರೆ. ಹಗಲು ಹೊತ್ತು ಅವರು ಮಲಗಿದ್ದನ್ನು ಲಲಿತಾ ಹುಟ್ಟಿದಾಗಿನಿಂದ ನೋಡಿಲ್ಲ. ಅಂಥವರನ್ನು ನಾನು ಮಾಗಡಿ ರಸ್ತೆಯ ಪಕ್ಕ ನಿಂತು ಒಂದೇ ಮಾತಿನಲ್ಲಿ ಹಾಸಿಗೆ ಹಿಡಿಸಿದೆ.

ಯಮನೂರಪ್ಪ ಫೋಮನ್ನು ಮುಂಗೈಯಿಂದ ಒತ್ತಿ, ಕೆನ್ನೆಗೆ ತಾಗಿಸಿ, ತನ್ನಲ್ಲಿದ್ದ ಅತಿ ಮೆತ್ತನೆಯ ಹಾಳೆಯಿಂದ ನಾಲ್ಕು ಬಳೆ ಕೊಯ್ದು ಕೊಟ್ಟ. ಅಂಥ ಕೊಯ್ತ ನಾನು ನೋಡಿರಲಿಲ್ಲ. ಕಂಪಾಸು ಹಾಕಿದರೂ ಬೋರ್ಡಿನ ಮೇಲೆ ನನಗೆ ಅಷ್ಟು ದುಂಡಗೆ ಬರುವುದಿಲ್ಲ.

ಆ ಭಾನುವಾರ ಎಮ್ಮೆಬಂಡೆಯ ಇಳಿಜಾರಿನಲ್ಲಿ ನನ್ನ ಟೈರುಗಳು ಮಗ್ಗುಲಿಗೆ ಮಡಚಿಕೊಂಡು, ಗಾಡಿ ಸಂದಿಗೆ ಬಿತ್ತು. ಫೋಮು ಅತಿಯಾಗಿ ಮೆತ್ತಗಾಗಿತ್ತು. ಮತ್ತೆ ಹೋದೆ. ಸ್ವಲ್ಪ ಗಟ್ಟಿ ಇರಲಿ ಎಂದೆ.

"ಯಾಕ್ರಿ, ಅಜ್ಜಾರ್ ತೂಕ ಹೆಚ್ಚಾತೇನ್ರಿ?"

"ಹೌದು, ಸ್ವಲ್ಪ."

"ಛಲೋ ಆತ್ ಬಿಡ್ರಿ. ಊಟ ಸೇರಾಕತ್ತೈತಿ ಅಂದಂಗಾತು." ಅವನ ಮುಖದಲ್ಲಿ ನಿಜವಾದ ಸಂತೋಷ ಇತ್ತು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆ ದಿನವೂ ರಾಜಣ್ಣನ ಆಟೋ ಅಲ್ಲೇ ಇತ್ತು, ಈ ಸಲ ಹಿಂದಿನ ಸೀಟಿಗೆ. ಆ ದಿನವೂ ಅವನು ತಾನಾಗಿಯೇ ಪಕ್ಕಕ್ಕೆ ಸರಿದ.

ಗಟ್ಟಿ ಫೋಮು ಹಾಕಿದರೆ ಟೈರು ಮಡಚಲಿಲ್ಲ, ಗಾಡಿ ಜಾರಿತು. ಮತ್ತೆ ಸಂದಿ, ಮತ್ತೆ ದಾರ. ಸೈಬರ್ ಕೆಫೆಯ ಪರದೆ ಎಳೆದು ನೋಡಿದೆ. ಮುಂದಿನ ಚಕ್ರಕ್ಕೆ ಮೆತ್ತಗೆ, ಹಿಂದಿನದಕ್ಕೆ ಗಟ್ಟಿ ಹಾಕಿ, ಫೋಮಿನ ಹೊರ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಎಂದು ತಿಳಿದವರು ಬರೆದಿದ್ದರು. ಮೂರನೇ ಸಲ ಹೋಗಿ, ಮೊಣಕೈಯವು ಮೆತ್ತಗಿರಲಿ, ಹಿಮ್ಮಡಿಯವು ಗಟ್ಟಿ ಇರಲಿ, ಸುತ್ತಲೂ ಹಲ್ಲಿನ ಹಾಗೆ ಕತ್ತರಿಸಿ, ಗಾಳಿಯಾಡುತ್ತದೆ ಎಂದೆ. ನನ್ನ ಕೈಯಲ್ಲಿ ಮಾವನವರ ಕಾಯಿಲೆ ವಾರಕ್ಕೊಂದು ರೂಪ ತಾಳುತ್ತಿತ್ತು. ಯಾವ ವೈದ್ಯನಿಗೂ ಅದರ ಹೆಸರು ಹೇಳಲಾಗುತ್ತಿರಲಿಲ್ಲ.

ಯಮನೂರಪ್ಪ ಕತ್ತಿ ಕೆಳಗಿಟ್ಟ. "ಸರ, ನಮ್ಮಪ್ಪ ಎಂಟ್ ತಿಂಗಳ ಹಾಸಿಗಿ ಮ್ಯಾಲ ಇದ್ದ. ಬೆನ್ನು, ಹಿಂಬಡ ಎಲ್ಲಾ ಹುಣ್ಣ. ಆವಾಗ ನನಗ ಈ ಕೆಲಸ ಬರ್ತಿದ್ದಿಲ್ರಿ. ಹಳೇ ಧೋತರ ಸುತ್ತಿ ಸುತ್ತಿ ಇಡ್ತಿದ್ದೆ, ಆಗ್ತಿದ್ದಿಲ್ಲ." ಫೋಮಿನ ತುಂಡನ್ನು ಹಿಸುಕಿದ. "ನಾ ಮಾಡಿದ್ದು ಅಜ್ಜಾರಿಗೆ ಸರಿ ಕುಂಡ್ರವಲ್ದು ಅಂತ ಕಾಣಸ್ತೈತಿ. ಒಮ್ಮೆ ಅವರನ್ನ ನಾನ ಬಂದು ನೋಡ್ತೀನ್ರಿ."

ಬೇಡ ಎಂದೆ. ಮಾವನವರಿಗೆ ಹೊರಗಿನವರು ಬಂದರೆ ಆಗುವುದಿಲ್ಲ, ನಾನೇ ಅಳತೆ ತರುತ್ತೇನೆ ಎಂದೆ. ಅವನು ತಲೆಯಾಡಿಸಿ, ನಾನು ಹೇಳಿದ ಹಾಗೆ ನಾಲ್ಕನ್ನೂ ಕೊಯ್ದು ಕೊಟ್ಟ. ಅವತ್ತು ಅಲ್ಲಿಂದ ಬರುವಾಗ ಎಮ್ಮೆಬಂಡೆಯ ನೆನಪೇ ಬರಲಿಲ್ಲ. ಹಳೇ ಧೋತರ ಸುತ್ತುವ ಒಂದು ಜೊತೆ ಕೈ ಕಣ್ಣ ಮುಂದಿತ್ತು. ನನ್ನ ಬಗ್ಗೆ ನನಗೆ ಇಷ್ಟು ನಾಚಿಕೆ ಆದದ್ದು ಕಡಿಮೆ. ಮುಂದಿನ ಸಲ ಹೋದಾಗ ಎಲ್ಲ ಹೇಳಿಬಿಡುತ್ತೇನೆ, ರಾಜಣ್ಣ ಇಲ್ಲದ ಹೊತ್ತು ನೋಡಿಕೊಂಡು ಹೋಗುತ್ತೇನೆ ಎಂದು ತೀರ್ಮಾನ ಮಾಡಿದೆ. ತೀರ್ಮಾನಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ಭಾನುವಾರ ಬೆಳಿಗ್ಗೆ ನಾನು ಮೇಲಿನ ಕೋಣೆಯಲ್ಲಿ ಪೇಪರು ಹಾಸಿಕೊಂಡು ಗಾಲಿಯ ಸ್ಕ್ರೂ ಬಿಗಿಯುತ್ತಿದ್ದೆ. ಕೆಳಗೆ ಗೇಟಿನ ಹತ್ತಿರ ಪರಿಚಯದ ದನಿ ಕೇಳಿತು. ಕಿಟಕಿಯಿಂದ ನೋಡಿದರೆ ಯಮನೂರಪ್ಪ. ಒಂದು ಕೈಯಲ್ಲಿ ಎರಡು ಎಳನೀರು, ಇನ್ನೊಂದರಲ್ಲಿ ಬ್ರೆಡ್ಡಿನ ಪೊಟ್ಟಣ. ಹೆಡ್ ಮಾಸ್ತರ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದಿದ್ದ. ಎದುರಿಗೆ, ಆಗಷ್ಟೇ ಬಸ್ಕಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದ ಮಾವನವರು.

"ಹಾಸಿಗಿ ಹಿಡದ ಅಜ್ಜಾರ್ ಎಲ್ಲದಾರ್ರಿ?"

"ಯಾವ ಅಜ್ಜ?"

"ಹೆಡ್ ಮಾಸ್ತರ ಮಾವನೋರ್ರಿ. ಹುಣ್ಣಾಗಬಾರದಂತ ಗಾದಿ ಮಾಡಿಕೊಟ್ಟೀನ್ರಿ ನಾ. ಹಿಂಬಡಕ್ಕ ಎರಡ, ಮೊಣಕೈಗೆ ಎರಡ."

ನಾನು ಮೆಟ್ಟಿಲಿಳಿದು ಅರ್ಧಕ್ಕೆ ಬಂದಿದ್ದೆ. ಮಾವನವರು ತಲೆಯೆತ್ತಿ ನನ್ನನ್ನು ನೋಡಿದರು. ಅಖಾಡದಲ್ಲಿ ಎದುರಾಳಿಯನ್ನು ಎಲ್ಲಿ ಹಿಡಿಯಬೇಕು ಎಂದು ನೋಡುವ ನೋಟ ಹಾಗೇ ಇದ್ದಿರಬೇಕು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಎರಡು ಗಳಿಗೆ ಹಾಗೇ ನೋಡಿ, ಅವರು ಯಮನೂರಪ್ಪನ ಕಡೆ ತಿರುಗಿದರು.

"ನಾನೇ ಕಣಪ್ಪ. ಇವತ್ತು ವಸಿ ಎದ್ದಿವ್ನಿ. ಬಾ ಒಳೀಕೆ."

ಹೇಳಿದವರೇ ಒಳಗೆ ಹೋಗಿ ಮಂಚದ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ಹಗಲು ಹೊತ್ತು! ಕಾಫಿ ತಂದ ಲಲಿತಾ ಬಾಗಿಲಲ್ಲೇ ನಿಂತಳು. ಅಳಿಯನ ಮರ್ಯಾದೆ ಉಳಿಸಲು ಒಬ್ಬ ಪೈಲ್ವಾನ ತಾನಾಗಿ ಬೆನ್ನು ನೆಲಕ್ಕೆ ತಾಗಿಸಿದ ಎಂಬುದು ನನಗೆ ಅರ್ಥವಾಯಿತು. ಆ ಮನುಷ್ಯ ನಮ್ಮ ಮದುವೆಯಾದಾಗಿನಿಂದ ನನ್ನ ಜೊತೆ ಆಡಿದ ಒಟ್ಟು ಮಾತು ಒಂದು ಪುಟ ಆಗಲಾರದು.

ಯಮನೂರಪ್ಪ ಮಂಚದ ಕಾಲಕಡೆ ಕೂತು ಮಾವನವರ ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಫೋಮನ್ನು ನೋಡುವ ಹಾಗೇ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದ.

"ಹ್ಞಾ!" ಎಂದು ಮಾವನವರು ಕಾಲೆಳೆದುಕೊಂಡರು.

ಪರವಾಗಿಲ್ಲ, ನಟನೆಯೂ ಬರುತ್ತದೆ ಇವರಿಗೆ ಎಂದುಕೊಂಡೆ. ಯಮನೂರಪ್ಪ ಇನ್ನೊಮ್ಮೆ, ಸ್ವಲ್ಪ ಈಚೆಗೆ ಒತ್ತಿದ. ಈ ಸಲ ದನಿ ಬರಲಿಲ್ಲ. ಮಾವನವರ ಕಣ್ಣಲ್ಲಿ ನೀರು ನಿಂತಿತ್ತು. ಅದು ನಟನೆಯಾಗಿರಲಿಲ್ಲ.

"ಎಷ್ಟ್ ದಿನದಿಂದ್ರಿ ಅಜ್ಜಾರ?"

ಮಾವನವರು ಸೂರು ನೋಡುತ್ತ ಹೇಳಿದರು. "ಮೂರು ವರ್ಷ ಆಯ್ತು. ಬೆಳಿಗ್ಗೆ ಎದ್ದು ಕಾಲು ಊರಿದ್ರೆ ಮೊಳೆ ತುಳ್ದಂಗಾಯ್ತದೆ. ಒಂದಿಪ್ಪತ್ತು ಸುತ್ತು ಹಾಕುದ್ರೆ ಸರಿಹೋಯ್ತದೆ."

ಯಾರೂ ಏಳುವ ಮೊದಲು ಅಂಗಳದಲ್ಲಿ ಅವರು ಹಾಕುತ್ತಿದ್ದ ಸುತ್ತುಗಳನ್ನು ನಾವು ಗರಡಿಯ ಶಿಸ್ತು ಎಂದುಕೊಂಡಿದ್ದೆವು. ನಾನಂತೂ ಅದನ್ನೇ ಉದಾಹರಣೆಯಾಗಿ ಪ್ರಾರ್ಥನೆಯಲ್ಲಿ ಮಕ್ಕಳಿಗೂ ಹೇಳಿದ್ದೆ. ಅವರು ಕುಂಟುವುದನ್ನು ಯಾರೂ ನೋಡದಿರಲಿ ಎಂದು ಕತ್ತಲಲ್ಲಿ ಕುಂಟಿ ಮುಗಿಸುತ್ತಿದ್ದರು. "ಅಪ್ಪಾ, ಹೇಳಬಾರದಿತ್ತೇನಪ್ಪಾ?" ಎಂದು ಲಲಿತಾ ಕಾಫಿ ಲೋಟ ಹಿಡಿದುಕೊಂಡೇ ಅತ್ತಳು.

ಇನ್ನು ನನ್ನಿಂದ ತಡೆಯಲಾಗಲಿಲ್ಲ. ಮೇಲೆ ಹೋಗಿ ಜೀಪನ್ನು ತಂದು ಮಂಚದ ಪಕ್ಕ ಇಟ್ಟೆ. ಒಂದು ಗಾಲಿ ಬಿಚ್ಚಿ, ಒಳಗಿದ್ದ ಹಲ್ಲು ಹಲ್ಲಿನ ಬಳೆಯನ್ನು ಯಮನೂರಪ್ಪನ ಕೈಗೆ ಕೊಟ್ಟೆ. ಮಾವನವರಿಗೆ ಹುಷಾರಿಲ್ಲ ಎಂದದ್ದು ಸುಳ್ಳು, ಇದು ನನ್ನ ಆಟದ ಗಾಡಿಗೆ, ಹೇಳಲು ನಾಚಿಕೆಯಾಯಿತು, ತಪ್ಪಾಯಿತು ಎಂದೆ. ಮಕ್ಕಳು ಎಷ್ಟೋ ಸಲ ನನ್ನ ಮೇಜಿನ ಮುಂದೆ ನಿಂತು ನೆಲ ನೋಡುತ್ತ ಹೇಳುವುದನ್ನು ಕೇಳಿದ್ದೇನೆ. ಹೇಳುವವರ ಕಡೆಯಿಂದ ಅದು ಎಷ್ಟು ಉದ್ದದ ವಾಕ್ಯ ಎಂದು ಅವತ್ತು ತಿಳಿಯಿತು.

ಯಮನೂರಪ್ಪ ಬೈದಿದ್ದರೆ ಚೆನ್ನಾಗಿತ್ತು. ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಟೈರನ್ನು ಎತ್ತಿಕೊಂಡು, ಮಾವನವರ ಹಿಮ್ಮಡಿಯನ್ನು ಒತ್ತಿದ ಹಾಗೆಯೇ, ಅದೇ ಹೆಬ್ಬೆರಳಿನಿಂದ ಒತ್ತಿದ.

"ಮೂರ್ ಸಲ ಬಂದ್ರಿ ಸರ. ಕುಂಡ್ರೋರ್ ಯಾರಂತ ಮೊದ್ಲನೇ ದಿನಾನ ಕೇಳಿನ್ರಿ ನಾ. ಖರೇ ಹೇಳಿದ್ರ ಅವತ್ತ ಸರಿ ಕೊಯ್ದು ಕೊಡ್ತಿದ್ದೆ. ಮಲಗಿದೋರಿಗೆ ಬ್ಯಾರೆ ಗಾದಿ, ಓಡಾಡೋರಿಗೆ ಬ್ಯಾರೆ. ನೀವು ಮಲಗಿದೋರ ಗಾದಿ ಹಾಕಿ ಗುಡ್ಡಾ ಹತ್ತಸಾಕ ಹೋಗೀರಿ."

ಮಂಚದ ಮೇಲಿಂದ ಮಾವನವರು ನಕ್ಕರು. ನಾನು ಅವರ ನಗು ಕೇಳಿದ್ದು ಅದೇ ಮೊದಲು. ಯಮನೂರಪ್ಪನೂ ನಕ್ಕ, ಸ್ವಲ್ಪ ತಡವಾಗಿ. ಎಳನೀರನ್ನು ವಾಪಸು ಒಯ್ಯುತ್ತಾನೇನೋ ಎಂದುಕೊಂಡೆ. ಅವನೇ ಕೊಚ್ಚಿ, ಒಂದು ಮಾವನವರಿಗೆ ಕೊಟ್ಟು, ಇನ್ನೊಂದನ್ನು ತಾನು ಕುಡಿದ. ನನಗೆ ಕೊಡಲಿಲ್ಲ. ಸರಿಯಾಗಿಯೇ ಇತ್ತು.

ಮುಂದಿನ ವಾರ ಅವನು ಎರಡು ಕೆಲಸ ಮಾಡಿಕೊಟ್ಟ. ಮಾವನವರ ಚಪ್ಪಲಿಯೊಳಗೆ ಹಿಮ್ಮಡಿಯ ಕೆಳಗೆ ಕೂರುವ ಎರಡು ಮೆತ್ತೆ. ಡಾಕ್ಟರ ಹತ್ತಿರವೂ ಲಲಿತಾ ಕರೆದುಕೊಂಡು ಹೋದಳು. ಡಾಕ್ಟರು ಮೆತ್ತೆಯನ್ನು ನೋಡಿ ಇದನ್ನೇ ಹಾಕಿಕೊಳ್ಳಿ ಎಂದರಂತೆ. ಇನ್ನೊಂದು ಕೆಲಸ ನನ್ನ ಗಾಡಿಗೆ, ಆಟೋ ಡ್ರೈವರ್ ಸೀಟಿನ ಲೆಕ್ಕದಲ್ಲಿ. ಗಾಲಿಯನ್ನು ಸುತ್ತಿಕೊಳ್ಳುವ ಒಳಗಿನ ಬಳೆ ಗಟ್ಟಿ ಫೋಮಿನದು, ಭಾರ ತಡೆಯಲು. ಅದರ ಮೇಲೆ ಮೆತ್ತನೆಯ ಹೊರಬಳೆ, ರಸ್ತೆಯ ಕುಲುಕಾಟಕ್ಕೆ. ಸೈಬರ್ ಕೆಫೆಯಲ್ಲಿ ಅಷ್ಟು ದಿನ ಕೂತರೂ ನನ್ನ ತಲೆಗೆ ಇಳಿಯದ ವಿದ್ಯೆ ಅವನ ಅಂಗಡಿಯ ನೆಲದ ಮೇಲೆ ಬಿದ್ದಿತ್ತು. ರಾಜಣ್ಣ ಅದೇ ವಿದ್ಯೆಯ ಮೇಲೆ ದಿನವಿಡೀ ಕೂತು ಊರು ಸುತ್ತುತ್ತಿದ್ದ.

ಆ ಭಾನುವಾರ ಕೆಂಗೇರಿಗೆ ಮಾವನವರೂ ಬಂದರು. ಹೊಸ ಮೆತ್ತೆಯ ಚಪ್ಪಲಿ ಮೆಟ್ಟಿ, ಒಂದು ಕಲ್ಲಿನ ಮೇಲೆ ಕೂತು, ಅಖಾಡದ ಪಕ್ಕ ಕೂತ ಉಸ್ತಾದರ ಹಾಗೆ "ಎಡಕ್ಕೆ ಹಾಕಿ ಅಳಿಯಂದ್ರೇ, ಎಡಕ್ಕೆ! ಅವಸರ ಮಾಡಬ್ಯಾಡಿ, ಪಟ್ಟು ಬಿಡಬ್ಯಾಡಿ!" ಎಂದು ಕೂಗುತ್ತಿದ್ದರು. ಗಾಡಿ ಎಮ್ಮೆಯ ಬೆನ್ನಿನ ಓರೆಯಲ್ಲಿ ಒಂದು ಸಲ ನಡುಗಿತು. ಹೊರಗಿನ ಮೆತ್ತೆ ಕಲ್ಲನ್ನು ತಬ್ಬಿತು, ಒಳಗಿನ ಗಟ್ಟಿ ಬಾಗಲಿಲ್ಲ. ಸಂದಿ ದಾಟಿ, ಬೆನ್ನೇರಿ, ನೆತ್ತಿಗೆ ಹೋಗಿ ನಿಂತಿತು. ಗಂಗಾಧರ ಚಪ್ಪಾಳೆ ತಟ್ಟಿದ. ಮಾವನವರು ಎದ್ದು ಬಂದು ರಿಮೋಟಿಗೆ ಕೈ ಚಾಚಿದರು. ಅಂದಿನಿಂದ ನನ್ನ ಪಾಳಿ ಬರುವುದು ಅವರ ಬ್ಯಾಟರಿ ಮುಗಿದ ಮೇಲೆ.

ಇಲ್ಲಿಗೆ ಮುಗಿಸಿದ್ದರೆ ನನಗೆ ಒಳ್ಳೆಯ ಹೆಸರು ಉಳಿಯುತ್ತಿತ್ತು. ಆದರೆ ಫೋಮು ಸವೆಯುತ್ತದಲ್ಲ, ಎರಡು ತಿಂಗಳ ಮೇಲೆ ಮತ್ತೆ ಯಮನೂರಪ್ಪನ ಅಂಗಡಿಗೆ ಹೋದೆ. ನಾಲ್ಕೈದು ಆಟೋಗಳು, ನಾಲ್ಕೈದು ಡ್ರೈವರುಗಳು, ಅವರಲ್ಲಿ ರಾಜಣ್ಣ. ಯಮನೂರಪ್ಪ ನನ್ನನ್ನು ನೋಡಿ, ಬೇಕೆಂದೇ ದನಿಯೆತ್ತಿ ಕೇಳಿದ.

"ಕುಂಡ್ರೋರ್ ಯಾರ್ರಿ ಸರ?"

ಎಲ್ಲರೂ ತಿರುಗಿ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ. "ಯಾರೂ ಕೂರಲ್ಲ. ಆಟದ ಜೀಪಿಗೆ. ಜೀಪು ನಂದೇ."

ರಾಜಣ್ಣ ಲೆಕ್ಕ ಹಾಕಿದ. "ಅಂದ್ರೆ ಸಾರ್, ನಾನು ಅವತ್ತೆಲ್ಲ ತಗಡಿನ ಮೇಲೆ ಕೂತಿದ್ದು ಇದಕ್ಕಾ?"

"ಹೌದು ರಾಜಣ್ಣ. ತಪ್ಪಾಯ್ತು."

ಅವನಿಗೆ ಕೋಪ ಬಂದಂತೆ ಕಾಣಲಿಲ್ಲ. ತಲೆ ಕೆರೆದುಕೊಂಡ. "ಹಂಗಾದ್ರೆ ಸಾರ್, ನಮ್ ಹುಡ್ಗನ್ ಬುಗುರಿ ಒಂದು ನಿಮ್ ಹತ್ರ ಐತಂತೆ. ಕೆಂಪು ಬಣ್ಣದ್ದು. ಅವ್ರ ತಾತ ಕೊಡ್ಸಿದ್ದು ಅಂತ ದಿನಾ ಅಳ್ತಾನೆ. ಅದ್ರ ಚಾಟೀನೂ ತಾತಾನೇ ಹೊಸ್ದಿದ್ದು, ಭಾಳ ಗಟ್ಟಿ ಸಾರ್ ಅದು."

ಕೊಟ್ಟುಬಿಡುತ್ತೇನೆ ಎಂದೆ. ಮರುದಿನ ಪ್ರಾರ್ಥನೆ ಮುಗಿಸಿ ಬಂದು, ಡ್ರಾಯರಿನ ಬೀಗ ತೆಗೆದೆ. ಕೆಂಪು ಬುಗುರಿ ಮೂಲೆಯಲ್ಲೇ ಇತ್ತು. ಚಾಟಿ ಇರಲಿಲ್ಲ. ಎಲ್ಲಿದೆ ಎಂದು ಹುಡುಕಬೇಕಾಗಿಯೂ ಇರಲಿಲ್ಲ. ಸಂಜೆ ಮನೆಗೆ ಹೋಗಿ, ಜೀಪಿನ ಮುಂದಿನ ಬಂಪರಿಗೆ ನಾನೇ ಹಾಕಿದ್ದ ಗಂಟನ್ನು ಬಿಚ್ಚಲು ಕೂತೆ. ಅದು ಎಷ್ಟೋ ಸಲ ನನ್ನ ಗಾಡಿಯ ಭಾರ ಎಳೆದು ಎಳೆದು ಬಿಗಿದುಕೊಂಡಿತ್ತು. ಕೊನೆಗೆ ಮಾವನವರು ಕನ್ನಡಕ ಹಾಕಿಕೊಂಡು ಬಿಚ್ಚಿಕೊಟ್ಟರು.